ಕಂಪ್ಯೂಟರ್ ರಿಪೇರಿಯವರು ಬರುವ ಮೊದಲು

ನರಸಿಂಹರಾಜಪುರ ಅಂದ ಕೂಡಲೇ ಎಲ್ಲರಿಗೂ ಅಡಿಕೆ, ಕಾಫಿ ನೆನಪಾಗುತ್ತದೆ. ನನ್ನದು ಹಾಗಲ್ಲ. ಗುಡ್ಡದ ಓರೆಯಲ್ಲಿ ಮೂರೂವರೆ ಎಕರೆ ಖುಷ್ಕಿ. ಬದುವಿನ ಮೇಲೆ ನಿಂತರೆ ಭದ್ರಾ ಹಿನ್ನೀರು ಕಾಣುತ್ತದೆ, ಹೊಲಕ್ಕೆ ಮಾತ್ರ ಅದರ ಒಂದು ಹನಿ ಹತ್ತುವುದಿಲ್ಲ. ಮುಸುಕಿನ ಜೋಳ, ರಾಗಿ, ಹುರುಳಿ ಎಲ್ಲಾ ಮಳೆ ನಂಬಿಯೇ. ಹಾಗಾಗಿ ಮಳೆ ಲೆಕ್ಕ ಬರೆದಿಡುವುದು ನನ್ನ ಹಳೇ ಅಭ್ಯಾಸ.

ನಾನು ಓದಿದ್ದು ಏಳನೇ ಕ್ಲಾಸು. 2020ರ ಲಾಕ್‌ಡೌನಿನಲ್ಲಿ ಮಗಳು ಮನೆಯಿಂದ ಕೆಲಸ ಮಾಡಲು ಒಂದು ಹಳೇ ಕಂಪ್ಯೂಟರ್ ತಂದಳು. ವಾಪಸು ಹೋಗುವಾಗ ಅದನ್ನು ಇಲ್ಲೇ ಬಿಟ್ಟು, ನನಗೆ ‘ನುಡಿ’ಯಲ್ಲಿ ಟೈಪು ಮಾಡಲು ಕಲಿಸಿದಳು. ಹನ್ನೊಂದು ವರ್ಷದ ಮಳೆ ಲೆಕ್ಕ, ಹೆಂಡತಿಯ ಸ್ವಸಹಾಯ ಸಂಘದ ಲೆಕ್ಕ ಎಲ್ಲಾ ಅದರೊಳಗೆ ಸೇರಿತು. ‘ಇನ್ಯಾಕೆ’ ಅಂತ ಹಳೇ ನೋಟುಪುಸ್ತಕಗಳನ್ನು ಅಟ್ಟದಲ್ಲಿ ಗೆದ್ದಲಿಗೆ ಬಿಟ್ಟೆ. ಅಲ್ಲೇ ಎಡವಿದ್ದು.

2022ರ ಮಳೆಗಾಲದಲ್ಲಿ ಒಂದು ದಿನ ಕಂಪ್ಯೂಟರ್ ಏಳಲೇ ಇಲ್ಲ. ಪೇಟೆಗೆ ಫೋನು ಮಾಡಿದೆ. ಏನಾಗಿದೆ ಅಂದರು. ಹಾಳಾಗಿದೆ ಅಂದೆ. ಮರುದಿನ ಹುಡುಗನೊಬ್ಬ ನೆನೆದುಕೊಂಡು ಬೈಕಿನಲ್ಲಿ ಬಂದ. ನಾನು ದನ ಹೊಡೆದುಕೊಂಡು ಬರಲು ಹೋಗಿದ್ದೆ. ಬರುವಷ್ಟರಲ್ಲಿ ಫಾರ್ಮ್ಯಾಟ್ ಮುಗಿದಿತ್ತು. ಕಂಪ್ಯೂಟರ್ ಹೊಸದರ ಹಾಗೆ ಓಡುತ್ತಿತ್ತು. ಒಳಗೆ ನಮ್ಮದೇನೂ ಇರಲಿಲ್ಲ.

“ಡೇಟಾ ಬೇಕಿತ್ತಾ ಯಜಮಾನ್ರೆ? ಮೊದ್ಲೇ ಹೇಳ್ಬೇಕಲ್ವಾ?” ಅಂದ.

ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಸಂಘದ ಲೆಕ್ಕವನ್ನು ಹೆಂಡತಿ ಪಾಸ್‌ಪುಸ್ತಕ ನೋಡಿ ಮತ್ತೆ ಬರೆದಳು. ಮಳೆಗೆ ಪಾಸ್‌ಪುಸ್ತಕ ಎಲ್ಲಿಂದ ತರೋಣ?

2025ರ ಮೇ ತಿಂಗಳಲ್ಲಿ, ಕೃತ್ತಿಕೆ ಮಳೆಯ ಗುಡುಗಿನಲ್ಲಿ ಕಂಪ್ಯೂಟರ್ ಮತ್ತೆ ಮಲಗಿತು. ಈ ಸಲ ತಯಾರಿ ಮಾಡಿಕೊಂಡೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಫೋನಿನಲ್ಲೇ ಅರ್ಧ ಕೆಲಸ

‘ಹಾಳಾಗಿದೆ’ ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ದೀಪ ಹೊತ್ತುತ್ತದಾ, ಫ್ಯಾನು ತಿರುಗುತ್ತದಾ, ಬೀಪ್ ಶಬ್ದ ಬರುತ್ತದಾ, ಯಾವತ್ತಿನಿಂದ ಹೀಗೆ, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಮಾತಾಡಿ. ಪರದೆಯಲ್ಲಿ ಇಂಗ್ಲಿಷಿನಲ್ಲಿ ಏನಾದರೂ ಬಂದಿದ್ದರೆ ಓದಲು ಕಷ್ಟಪಡಬೇಡಿ, ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿ. ಡಬ್ಬದ ಹಿಂದಿನ ಚೀಟಿಯದ್ದೂ ಒಂದು ಫೋಟೋ ಇರಲಿ. ದೀಪವೂ ಇಲ್ಲ, ಫ್ಯಾನೂ ಇಲ್ಲ ಅಂತ ನಾನು ಹೇಳಿದ್ದಕ್ಕೆ, ಕರೆಂಟು ಹಂಚುವ ಎಸ್‌ಎಂಪಿಎಸ್ ಡಬ್ಬ ಹೋಗಿರಬಹುದೆಂದು ಅವರು ಒಂದನ್ನು ಜೊತೆಗೇ ತಂದರು. ಎರಡನೇ ಸಲ ಬರುವುದು ತಪ್ಪಿತು. ಕೊಪ್ಪದಲ್ಲಿ ಕಾರ್ಮಿಕರೇ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಓಡಾಟ ಮೊದಲಿನಷ್ಟು ಸಲೀಸಿಲ್ಲ. ಬಂದು ಹೋಗುವ ಖರ್ಚೆಷ್ಟು, ರಿಪೇರಿ ಆಗದಿದ್ದರೂ ಕೊಡಬೇಕಾ ಅನ್ನುವುದನ್ನು ಮೊದಲೇ ಕೇಳಿಬಿಡಿ.

ಮೊದಲು ನಕಲು, ಆಮೇಲೆ ರಿಪೇರಿ

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎಂಬಲ್ಲಿ ಇಟ್ಟದ್ದು ಸಾಮಾನ್ಯವಾಗಿ ‘ಸಿ’ ಡ್ರೈವಿನಲ್ಲೇ ಇರುತ್ತದೆ. ಅದನ್ನು ಫಾರ್ಮ್ಯಾಟ್ ಮಾಡಿದರೆ ಎಲ್ಲಾ ಹೋಯಿತು. ಕಂಪ್ಯೂಟರ್ ಏಳುವಂತಿದ್ದರೆ ಅವರು ಬರುವ ಮೊದಲೇ ಪೆನ್‌ಡ್ರೈವಿಗೆ ನಕಲು ಮಾಡಿ. ಏಳದಿದ್ದರೆ, ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ ನಕಲು ತೆಗೆಯಲು ಹೇಳಿ. ‘ಕೇಳದೆ ಫಾರ್ಮ್ಯಾಟ್ ಮಾಡಬಾರದು’ ಅಂತ ದಪ್ಪ ಅಕ್ಷರದಲ್ಲಿ ಬರೆದು ನಾನು ಡಬ್ಬಕ್ಕೇ ಅಂಟಿಸಿದ್ದೇನೆ. ಬಂದವರು ನಕ್ಕರು. ನಗಲಿ.

ಇನ್ನೊಂದು ವಿಷಯ. ‘ನುಡಿ’ಯ ಹಳೇ ಅಕ್ಷರದಲ್ಲಿ ಬರೆದ ಕಡತ, ಆ ಫಾಂಟ್ ಇಲ್ಲದಿದ್ದರೆ ಬರೀ ಗೀಚಿದ ಹಾಗೆ ಕಾಣುತ್ತದೆ. ಹಾಳಾಯಿತೆಂದು ಅಳಿಸಬೇಡಿ. ‘ನುಡಿ’ ಮತ್ತೆ ಹಾಕಿಸಿದರೆ ಸರಿಯಾಗುತ್ತದೆ.

ಅರ್ಥಿಂಗ್ ಮತ್ತು ಸಿಡಿಲು

ಬಂದವರು ಪ್ಲಗ್ಗಿನಲ್ಲಿ ಮೀಟರ್ ಇಟ್ಟು ನೋಡಿ, ಅರ್ಥಿಂಗ್ ಸರಿಯಿಲ್ಲ ಅಂದರು. ಒಣ ಮಣ್ಣು ಕರೆಂಟನ್ನು ಸರಿಯಾಗಿ ಇಳಿಸಿಕೊಳ್ಳುವುದಿಲ್ಲ. ನಮ್ಮಂಥ ಖುಷ್ಕಿ ನೆಲದವರು ಇದನ್ನು ಗಮನಿಸಬೇಕು. ವೈರ್‌ಮನ್ ಕರೆದು ಇದ್ದಿಲು, ಉಪ್ಪು ಹಾಕಿ ಗುಂಡಿ ಸರಿ ಮಾಡಿಸಿದೆ. ಬೇಸಿಗೆಯಲ್ಲಿ ಅದಕ್ಕೂ ಆಗಾಗ ಒಂದು ಕೊಡ ನೀರು. ಗುಡುಗಿನ ಸೂಚನೆ ಕಂಡರೆ ಪ್ಲಗ್ಗು ಕೀಳಿ, ಇಂಟರ್‌ನೆಟ್ಟಿನ ತಂತಿಯನ್ನೂ ಬಿಡಿಸಿ. ಸಿಡಿಲನ್ನು ಯುಪಿಎಸ್ ತಡೆಯುವುದಿಲ್ಲ. ಗುಡುಗು ತಲೆ ಮೇಲೆ ಬಂದ ಮೇಲೆ ತಂತಿ ಮುಟ್ಟಲೇಬೇಡಿ.

ಜೊತೆಗೆ ಕೂತಿರಿ

ಮೇಜು ಖಾಲಿ ಮಾಡಿ, ಬೆಳಕು ಬರುವ ಹಾಗೆ ಇಡಿ. ಕೊಂಡ ಬಿಲ್ಲು ಇದ್ದರೆ ಹುಡುಕಿಡಿ. ಕಂಪ್ಯೂಟರಿನ ಪಾಸ್‌ವರ್ಡ್ ನೀವೇ ಒತ್ತಿ. ಬ್ಯಾಂಕಿನ ಪಿನ್ನು, ಓಟಿಪಿ ಯಾವ ರಿಪೇರಿಗೂ ಬೇಕಾಗುವುದಿಲ್ಲ. ನೀವು ಕರೆಯದೆ ತಾವಾಗಿ ಫೋನು ಮಾಡಿ ‘ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ’ ಅನ್ನುವವರು ಮೋಸಗಾರರು. ದುಡ್ಡು ಹೋದರೆ ತಡಮಾಡದೆ 1930ಕ್ಕೆ ತಿಳಿಸಿ. ಕೆಲಸ ಮುಗಿದ ಮೇಲೆ ನಿಮ್ಮ ಕಡತ ತೆರೆಸಿ ನೋಡಿ, ಬಿಚ್ಚಿದ ಹಳೇ ಸಾಮಾನು ಕೇಳಿ ಪಡೆಯಿರಿ.

ಈಗ ಮಳೆ ಲೆಕ್ಕ ಮೊದಲು ನೋಟುಪುಸ್ತಕಕ್ಕೆ, ಆಮೇಲೆ ಕಂಪ್ಯೂಟರಿಗೆ, ಭಾನುವಾರ ಪೆನ್‌ಡ್ರೈವಿಗೆ. ಆದರೆ 2022ರ ಹಿಂದಿನ ಪುಟಗಳು ಖಾಲಿಯೇ. ಮಘೆ ಮಳೆ ಕೈಕೊಟ್ಟ ವರ್ಷಗಳು ಯಾವುವು, ರಾಗಿ ಯಾವಾಗ ಬಿತ್ತಿದ್ದೆ ಅನ್ನುವುದಕ್ಕೆ ಬರೀ ನೆನಪೇ ಗತಿ. ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಕಡೆಯವರು ಯಾರಾದರೂ ಮಳೆ ಬರೆದಿಟ್ಟಿದ್ದರೆ ಪತ್ರಿಕೆಯ ಮೂಲಕ ತಿಳಿಸಿ. ಬಂದು ನಕಲು ಮಾಡಿಕೊಳ್ಳುತ್ತೇನೆ. ನಿಮಗೂ ಒಂದು ಪೆನ್‌ಡ್ರೈವ್ ತರುತ್ತೇನೆ.