ಪಕ್ಕವಾದ್ಯವೋ, ಸಂವಾದವೋ?

ಪದ್ಯಕ್ಕೆ ರಾಗ ಹಾಕುವುದು ನಮಗೆ ಪರಿಚಿತ. ಆದರೆ ಮಾತಿನ ಹಂಗಿಲ್ಲದೆ ವಾದ್ಯಕ್ಕೆಂದೇ ಹುಟ್ಟಿದ ರಾಗಕ್ಕೆ ಮಾತನ್ನು ಹೊಂದಿಸುವುದು ಎಷ್ಟು ಕಠಿನ! ಛಂದಸ್ಸಿನ ಪಾಠ ಹೇಳುವ ನನಗೆ ಇದು ಮನದಟ್ಟಾದುದು ಜೋನಿ ಮಿಚೆಲ್ ಎಂಬ ಕೆನಡಾದ ಗಾಯಕಿಯ 'ಮಿಂಗಸ್' ಎಂಬ 1979ರ ಧ್ವನಿಮುದ್ರಿಕೆಯಿಂದ.

ಈಕೆ ಗಿಟಾರು ಹಿಡಿದು, ತನ್ನ ಹಾಡನ್ನು ತಾನೇ ಕಟ್ಟಿ ಹಾಡಿ ಜನಪ್ರಿಯಳಾದವಳು. ಬಾಲ್ಯದಲ್ಲಿ ಬಂದ ಪೋಲಿಯೋದಿಂದ ಎಡಗೈ ಸೋತಿದ್ದುದರಿಂದ, ತಂತಿಗಳ ಶ್ರುತಿಯನ್ನೇ ತನಗೆ ಒಗ್ಗುವಂತೆ ಬದಲಿಸಿಕೊಂಡಳು. ಅದರಿಂದ ಹೊರಟ ವಿಚಿತ್ರ ಸ್ವರಮೇಳಗಳಿಗೆ ತಕ್ಕ ಜೊತೆಗಾರರು ದೊರೆತದ್ದು ಜಾಝ್ ವಾದಕರಲ್ಲಿ. 1976ರ 'ಹೆಜೀರಾ'ದಲ್ಲಿ ಜಾಕೋ ಪಾಸ್ಟೋರಿಯಸ್ ನುಡಿಸಿದ ಮೆಟ್ಟುಗಳಿಲ್ಲದ ಬಾಸ್ ಗಿಟಾರು, ನಮ್ಮ ಪಿಟೀಲಿನಂತೆ ಸ್ವರದಿಂದ ಸ್ವರಕ್ಕೆ ಜಾರುತ್ತ, ಗಾಯಕಿಯೊಡನೆ ಮತ್ತೊಂದು ಕಂಠವೇ ಆಗಿಬಿಟ್ಟಿದೆ.

ಚಾರ್ಲ್ಸ್ ಮಿಂಗಸ್ ಅಮೆರಿಕದ ಹಿರಿಯ ಜಾಝ್ ರಚನಕಾರ. ಬಾಸ್ ವಾದ್ಯದಲ್ಲಿ ಅಸಾಮಾನ್ಯ. ನರಗಳ ರೋಗದಿಂದ ಕೈಕಾಲು ಸೋತು ಗಾಲಿಕುರ್ಚಿ ಹಿಡಿದಿದ್ದ ಆತ ಈಕೆಯನ್ನು ಕರೆಸಿ, ತನ್ನ ರಾಗಗಳಿಗೆ ಮಾತು ಬರೆಯಲು ಹೇಳಿದನು. ಅವುಗಳಲ್ಲೊಂದು, ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ತೀರಿಕೊಂಡ 1959ರಲ್ಲಿ ಮಿಂಗಸ್ ರಚಿಸಿದ ಶೋಕಗೀತ. ಮಾತೇ ಇಲ್ಲದ ಆ ದುಃಖಕ್ಕೆ ಮಾತು ಕೊಡುವುದೆಂದರೆ ಅದನ್ನು ಕಿರಿದುಮಾಡುವ ಅಪಾಯವೂ ಉಂಟಷ್ಟೆ! ಈಕೆ ಬಣ್ಣಭೇದದ ನಾಡಿನಲ್ಲಿ ಕರಿಯ ಕಲಾವಿದನುಂಡ ನೋವನ್ನು ಹೇಳಿದಳು. ಸಾಲುಗಳು ಸಮವಾಗಿ ನಿಲ್ಲುವುದಿಲ್ಲ. ವಾದಕನ ಉಸಿರಿನ ಅಳತೆಗೆ ಹಿಗ್ಗುತ್ತವೆ, ಕುಗ್ಗುತ್ತವೆ.

ವೇಯ್ನ್ ಶಾರ್ಟರ್‌ನ ಸ್ಯಾಕ್ಸೊಫೋನು, ಹರ್ಬಿ ಹ್ಯಾನ್‌ಕಾಕ್‌ನ ವಿದ್ಯುತ್ ಪಿಯಾನೋ, ಪಾಸ್ಟೋರಿಯಸ್‌ನ ಬಾಸು ಇಲ್ಲಿ ಹಾಡಿಗೆ ಅಂಚು ಕಟ್ಟಲು ಬಂದವಲ್ಲ. ಗಾಯಕಿ ನಿಲ್ಲಿಸಿದೆಡೆಯಲ್ಲಿ ಶಾರ್ಟರ್ ಮಾರ್ನುಡಿಯುತ್ತಾನೆ. ಆತನ ನುಡಿ ಮುಗಿಯುವವರೆಗೆ ಆಕೆ ಕಾಯುತ್ತಾಳೆ. ಹಾಡುಗಳ ನಡುನಡುವೆ ಮಿಂಗಸ್‌ನ ಮಾತು, ನಗೆಗಳನ್ನೂ ಸೇರಿಸಿದ್ದಾರೆ. ನುಡಿಸಲಾರದವನು ತನ್ನ ದನಿಯಿಂದ ಸಭೆಯಲ್ಲಿ ಕುಳಿತಿದ್ದಾನೆ.

1979ರ ಜನವರಿ 5ರಂದು, 56ನೆಯ ವಯಸ್ಸಿನಲ್ಲಿ, ಆತ ಮೆಕ್ಸಿಕೋದಲ್ಲಿ ತೀರಿಕೊಂಡನು. ಆತನ ಚಿತಾಭಸ್ಮವನ್ನು ಪತ್ನಿ ನಮ್ಮ ಗಂಗೆಯಲ್ಲಿ ವಿಸರ್ಜಿಸಿದಳು. ಮುದ್ರಿಕೆ ಹೊರಬಂದುದು ಆ ಬಳಿಕ. ಆಕೆಯ ಹಿಂದಿನ ಮುದ್ರಿಕೆಗಳಷ್ಟು ಅದು ಮಾರಾಟವಾಗಲಿಲ್ಲ. ಗಿಟಾರಿನ ಹಳೆಯ ಹಾಡುಗಳನ್ನು ಬಯಸಿದವರಿಗೆ ಅದು ರುಚಿಸದಿದ್ದುದು ಸಹಜವೇ.

ಆದರೂ ಕಾವ್ಯದ ವಿದ್ಯಾರ್ಥಿಗಳು ಇದನ್ನೊಮ್ಮೆ ಆಲಿಸಬೇಕು. ತನಗಿಂತ ಬಲ್ಲವರನ್ನು ಪಕ್ಕಕ್ಕೆ ಕರೆದ ಕವಿ ತನ್ನ ಮಾತನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಇಲ್ಲಿ ಕಲಿಯಬಹುದು. ಮೌನಕ್ಕೂ ಒಂದು ಮಾತ್ರೆಯುಂಟು.