ರಾತ್ರಿ ಕಾಡಿಗೆ, ಬೆಳಗ್ಗೆ ಶಿಬಿರಕ್ಕೆ

ನಾಗರಹೊಳೆ ಕಾಡಿನ ಮತ್ತಿಗೋಡು ಆನೆ ಶಿಬಿರದಲ್ಲಿ ಮಾವುತನ ಸಹಾಯಕ ಕಾವಾಡಿಯ ದಿನ ಹುಡುಕಾಟದಿಂದಲೇ ಶುರುವಾಗುತ್ತದೆ. ಹಿಂದಿನ ಸಂಜೆ ಮೇಯಲು ಬಿಟ್ಟ ಆನೆ ಕಾಡಿನಲ್ಲಿ ಎಲ್ಲಿದೆಯೋ ಅಲ್ಲಿಂದ ಕರೆತರಬೇಕು. ಬಿಡುವಾಗ ಅದರ ಕಾಲಿಗೆ ಉದ್ದನೆಯ ಸರಪಳಿ ಹಾಕಿರುತ್ತಾರೆ. ಆನೆ ನಡೆದಲ್ಲೆಲ್ಲ ಆ ಸರಪಳಿ ನೆಲದ ಮೇಲೆ ಗೆರೆ ಎಳೆಯುತ್ತಾ ಹೋಗುತ್ತದೆ. ಆ ಗೆರೆ, ಮುರಿದ ಬಿದಿರು, ಹಸಿ ಲದ್ದಿ, ಒದ್ದೆ ಮಣ್ಣಿನಲ್ಲಿ ಒತ್ತಿದ ಹೆಜ್ಜೆ, ಇಷ್ಟನ್ನೇ ನೋಡಿಕೊಂಡು ಕಾವಾಡಿ ನಡೆಯುತ್ತಾನೆ. ಕೆಲವು ದಿನ ಆನೆ ಹತ್ತಿರದಲ್ಲೇ ಸಿಗುತ್ತದೆ. ಕೆಲವು ದಿನ ಕಾಡಾನೆಗಳ ಹಿಂಡಿನೊಳಗೆ ಸೇರಿಕೊಂಡಿರುತ್ತದೆ. ಆಗ ದೂರ ನಿಂತು ಹೆಸರು ಹಿಡಿದು ಕೂಗಬೇಕು. ಆನೆ ಹಿಂಡು ಬಿಟ್ಟು ಬರುತ್ತದೆ.

ಆನೆ ಪಳಗಿಸುವ ವಿದ್ಯೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೊಂದೇ ಸಂಗತಿ. ಆ ಸರಪಳಿಯನ್ನು ಯಾವ ಮರಕ್ಕೂ ಕಟ್ಟಿರುವುದಿಲ್ಲ. ಟನ್ನುಗಟ್ಟಲೆ ತೂಗುವ ಪ್ರಾಣಿ, ಹುಟ್ಟಿ ಬೆಳೆದಂಥದ್ದೇ ಕಾಡು, ಸುತ್ತ ತನ್ನದೇ ಕುಲ, ಇಡೀ ರಾತ್ರಿಯ ಬಿಡುವು. ಹೋಗಿಬಿಡಲು ಇನ್ನೇನು ಬೇಕು? ಆದರೂ ಬೆಳಗ್ಗೆ ಒಬ್ಬ ಮನುಷ್ಯನ ದನಿಗೆ ಓಗೊಟ್ಟು ಬರುತ್ತದೆ. ಅಂಕುಶದ ಭಯ ಅಷ್ಟು ದೂರ ಕೈಚಾಚಲಾರದು.

ಪಳಗಿಸುವುದರ ಆರಂಭ ಮಾತ್ರ ಕಠಿಣವೇ. ತೋಟಕ್ಕೆ, ಊರಿಗೆ ನುಗ್ಗಿದ ಪುಂಡಾನೆಗೆ ಅರಿವಳಿಕೆ ಚುಚ್ಚುಮದ್ದು ಹಾರಿಸಿ, ಸಾಕಾನೆಗಳ ಸಹಾಯದಿಂದ ಹಗ್ಗ ಬಿಗಿದು, ಲಾರಿಯಲ್ಲಿ ತಂದು, ದಪ್ಪ ದಿಮ್ಮಿಗಳಿಂದ ಕಟ್ಟಿದ ಕ್ರಾಲ್‌ನೊಳಗೆ ಬಿಡುತ್ತಾರೆ. ಅದು ದಿಮ್ಮಿಗೆ ಗುದ್ದುತ್ತದೆ, ಮೇವು ಒಲ್ಲೆನ್ನುತ್ತದೆ. ಈ ಸೆರೆಯನ್ನು ಕ್ರೌರ್ಯವೆನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಹೊರಗೆ ಕುಳಿತ ಮಾವುತ ಮತ್ತು ಕಾವಾಡಿಯನ್ನೂ ನೋಡಬೇಕು. ಅವರು ಅಲ್ಲೇ ಇರುತ್ತಾರೆ, ಮಾತಾಡುತ್ತಲೇ ಇರುತ್ತಾರೆ. ಕಬ್ಬು, ಬೆಲ್ಲ, ಹುಲ್ಲಿನಲ್ಲಿ ಭತ್ತ ಸುತ್ತಿದ ಕುಸುರೆ ಮೊದಲು ದೂರದಿಂದ, ಆಮೇಲೆ ಕೈಯಿಂದ. ಮೈ ಮುಟ್ಟುವುದೂ ಹಾಗೆಯೇ, ಮೊದಲು ಉದ್ದನೆಯ ಕೋಲು, ಕೊನೆಗೆ ಅಂಗೈ. ತಿಂಗಳುಗಳು ಹಿಡಿಯುವ ಕೆಲಸ. ಅವಸರ ಮಾಡಿದರೆ ಪ್ರಾಣಕ್ಕೇ ಸಂಚಕಾರ.

ಮಾವುತರಲ್ಲಿ ಜೇನುಕುರುಬ ಬುಡಕಟ್ಟಿನವರು ಬಹಳ. ಆನೆ ಹಿಡಿಯುವ ಕೆಲಸಕ್ಕೂ ಇಲ್ಲಿ ಹಳೆಯ ಚರಿತ್ರೆಯಿದೆ. ಮೈಸೂರು ಸಂಸ್ಥಾನದಲ್ಲಿ ಜಿ.ಪಿ. ಸ್ಯಾಂಡರ್ಸನ್ 1870ರ ದಶಕದಲ್ಲಿ ಕಾಡಾನೆ ಹಿಂಡನ್ನು ಅಟ್ಟಿ ಸೆರೆಹಿಡಿಯುವ ಖೆಡ್ಡಾ ಆರಂಭಿಸಿದ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿ ಹಿನ್ನೀರು ಆ ಜಾಗವನ್ನು ಮುಳುಗಿಸಿತು. 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ತಿಗೆ ಪರಿಚಯವಾದ ಸಾಬು ಅದೇ ಸೀಮೆಯ ಕಾರಾಪುರದ ಮಾವುತನ ಮಗ. ಮೈಸೂರು ದಸರೆಯ 750 ಕಿಲೋ ತೂಕದ ಅಂಬಾರಿಯನ್ನು 2012ರಿಂದ 2019ರವರೆಗೆ ಹೊತ್ತ ಆನೆ ಅರ್ಜುನನೂ 1968ರಲ್ಲಿ ಕಾಕನಕೋಟೆಯಲ್ಲಿ ಸಿಕ್ಕವನೇ.

ಇದೆಲ್ಲ ಕೊಡಗು, ಮೈಸೂರು ಕಡೆಯ ಕಥೆ, ಬೆಂಗಳೂರಿನ ಸಿದ್ದಾಪುರದ ನಮಗೇನು ಎಂದುಕೊಳ್ಳುವ ಹಾಗಿಲ್ಲ. ಲಾಲ್‌ಬಾಗ್ ಪಕ್ಕದ ನಮ್ಮ ಬೀದಿಗಳಿಂದ ಡೇರಿ ವೃತ್ತಕ್ಕೆ ಬಂದು ಬನ್ನೇರುಘಟ್ಟ ರಸ್ತೆ ಹಿಡಿದರೆ ಆನೆಕಾಡು ಹೆಚ್ಚು ದೂರವಿಲ್ಲ. ‘ರೌಡಿ ರಂಗ’ ಎಂದು ಹೆಸರು ಪಡೆದ ಸಲಗ ಸೆರೆಯಾದದ್ದು ಆ ಬನ್ನೇರುಘಟ್ಟದ ಸೀಮೆಯಲ್ಲೇ. ನಮ್ಮ ಬಡಾವಣೆಗಳು ಬೆಳೆಯುತ್ತಾ ಹೋದ ದಿಕ್ಕೂ ಅದೇ. ಮತ್ತಿಗೋಡಿನಲ್ಲಿ ಅವನು ಪಳಗಿದ, ದಸರೆಗೆ ಬರುತ್ತಾನೆಂದು ಜನ ಆಸೆಪಟ್ಟರು. 2018ರ ಅಕ್ಟೋಬರ್‌ನ ಒಂದು ರಾತ್ರಿ ಶಿಬಿರದ ಬಳಿಯ ರಸ್ತೆಯಲ್ಲಿ ಬಸ್ ಬಡಿದು ಸತ್ತ. ಮನುಷ್ಯರನ್ನು ನಂಬಲು ಕಲಿತವನ ಸಾವು ಅದು ಎಂಬುದು ನನ್ನನ್ನು ಇನ್ನೂ ಕಾಡುತ್ತದೆ.

ಅಂಬಾರಿ ಹೊತ್ತ ಅರ್ಜುನನೂ 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ವಲಯದಲ್ಲಿ, ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ ಸಲಗನೊಂದಿಗೆ ಕಾದಾಡಿ ಸತ್ತ. ಅವನ ಮಾವುತ ಅತ್ತದ್ದನ್ನು ನಾಡೇ ನೋಡಿತು, ನಾಡೂ ಅತ್ತಿತು. ಆದರೆ ಮಾವುತ, ಕಾವಾಡಿಗಳ ಕಾಯಂ ನೌಕರಿಯ, ಸರಿಯಾದ ಮನೆಯ ಬೇಡಿಕೆ ಇಂದು ನಿನ್ನೆಯದಲ್ಲ. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿದ್ದವು, ದೇಶದಲ್ಲೇ ಅತಿ ಹೆಚ್ಚು. ಆನೆ ಊರಿಗೆ ಬಂದಾಗಲೆಲ್ಲ ನಾವು ಮೊದಲು ಕರೆಯುವುದು ಈ ಮಾವುತ, ಕಾವಾಡಿಗಳನ್ನೇ. ಇವರ ಅರಿವು ಪುಸ್ತಕದಲ್ಲಿಲ್ಲ, ಅಪ್ಪನಿಂದ ಮಗನಿಗೆ ಕೈಯಿಂದ ಕೈಗೆ ಬಂದದ್ದು.

ದಸರೆಯ ಹೊತ್ತಿಗೆ ಮೈಸೂರು ಅರಮನೆಯ ಆವರಣದಲ್ಲಿ ಮಾವುತ, ಕಾವಾಡಿಗಳ ಮಕ್ಕಳಿಗಾಗಿ ಟೆಂಟ್ ಶಾಲೆ ನಡೆಯುತ್ತದೆ. ಅಕ್ಷರ, ಲೆಕ್ಕ ಕಲಿಯುತ್ತಾರೆ, ಕಲಿಯಲೇಬೇಕು. ಕಲಿತ ಮಕ್ಕಳು ಬೇರೆ ಕೆಲಸ ಹಿಡಿದರೆ ಬೇಡವೆನ್ನಲು ನಾವು ಯಾರು? ಆದರೂ ಆ ಶಾಲೆಯಲ್ಲಿ ವಾರಕ್ಕೊಂದು ದಿನ ಅವರ ಅಪ್ಪಂದಿರನ್ನೇ ಮೇಷ್ಟ್ರಾಗಿ ನಿಲ್ಲಿಸಿ, ಸರಪಳಿಯ ಜಾಡು ಹಿಡಿಯುವುದನ್ನೂ ಒಂದು ಪಾಠವಾಗಿ ಹೇಳಿಸಿ ಬರೆದಿಟ್ಟುಕೊಳ್ಳಬಹುದಿತ್ತು ಅನ್ನಿಸುತ್ತದೆ.