ಹಡಗುಗಳ ದೀಪಗಳೂ ಹಗಲಿನ ಆಕೃತಿಗಳೂ

ನೆಲದ ಮೇಲಿನ ದಾರಿಗೆ ಅಂಚುಂಟು, ಕವಲುಂಟು, ಕವಲಿನಲ್ಲಿ ಕೈಮರವುಂಟು. ತೆರೆದ ಕಡಲಿನಲ್ಲಿ ಇವೊಂದೂ ಇಲ್ಲ. ಅಲ್ಲಿ ಸಂಧಿಸುವ ಎರಡು ಹಡಗುಗಳು ಯಾವುದು ಯಾವುದಕ್ಕೆ ದಾರಿ ಬಿಡಬೇಕೆಂಬುದನ್ನು ಒಂದು ಮತ್ತೊಂದರ ಮೈಮೇಲೆ ಕಾಣುವ ಗುರುತುಗಳಿಂದಲೇ ತಿಳಿಯಬೇಕಾಗುತ್ತದೆ. ಈ ಗುರುತುಗಳು ಇರುಳಿನಲ್ಲಿ ದೀಪಗಳು. ಹಗಲಿನಲ್ಲಿ ಕಪ್ಪು ಆಕೃತಿಗಳು.

1848ರಲ್ಲಿ ಬ್ರಿಟನ್ನು ತನ್ನ ಉಗಿಹಡಗುಗಳಿಗೆ ಕೆಂಪು, ಹಸಿರು, ಬಿಳಿಯ ದೀಪಗಳನ್ನು ವಿಧಿಸಿತು. ಅಂದಿನಿಂದ ಬೆಳೆದುಬಂದ ಈ ಪದ್ಧತಿಯ ಇಂದಿನ ರೂಪವು ಸಾಗರದಲ್ಲಿ ಡಿಕ್ಕಿಯನ್ನು ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಗಳಲ್ಲಿದೆ. ಇವು 1977ರ ಜುಲೈ 15ರಂದು ಜಾರಿಗೆ ಬಂದವು. ಇವುಗಳಲ್ಲಿ 20ರಿಂದ 31ರವರೆಗಿನವು ದೀಪಗಳಿಗೂ ಆಕೃತಿಗಳಿಗೂ ಸಂಬಂಧಿಸಿದವು. ಹಡಗಿನ ಕಾವಲಧಿಕಾರಿಯಾಗಬಯಸುವವನಿಗೆ ನಿಯಮಗಳ ಪಾಠ, ಪ್ರಯೋಗ, ಉದ್ದೇಶ ಈ ಮೂರರ ಜ್ಞಾನವೂ ಇರಬೇಕೆಂದು ನಾವಿಕರ ಅರ್ಹತೆಯನ್ನು ಕುರಿತ ಅಂತರರಾಷ್ಟ್ರೀಯ ಸಂಹಿತೆಯು ಹೇಳುತ್ತದೆ. ಪರೀಕ್ಷಾರ್ಥಿಗಳಲ್ಲಿ ಪಾಠವನ್ನು ಪಟ್ಟಿಯಂತೆ ಉರುಹೊಡೆಯುವವರು ಬಹಳ. ಆದರೆ ಇದು ಪಟ್ಟಿಯಲ್ಲ. ವ್ಯಾಕರಣವುಳ್ಳ ಒಂದು ಚಿಕ್ಕ ಭಾಷೆ. ಅದನ್ನು ಹಾಗೆಯೇ ಕಲಿಯುವುದು ಸುಲಭ, ಕ್ಷೇಮಕರವೂ ಹೌದು.

ಈ ದೀಪಗಳು ಎರಡು ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ. ಮೊದಲನೆಯದು, ಆ ಹಡಗು ಯಾವ ಕಡೆಗೆ ಮುಖಮಾಡಿದೆ? ಎರಡನೆಯದು, ದಾರಿ ಬಿಡುವ ಶಕ್ತಿ ಅದಕ್ಕೆ ಇದೆಯೆ?

ಮೊದಲನೆಯ ಪ್ರಶ್ನೆಗೆ ಉತ್ತರವು ದೀಪಗಳ ಕೋನದಲ್ಲಿದೆ. ಎಡಪಾರ್ಶ್ವದ ಕೆಂಪು ದೀಪವೂ ಬಲಪಾರ್ಶ್ವದ ಹಸಿರು ದೀಪವೂ ನೇರ ಮುಂದಿನಿಂದ ಆರಂಭವಾಗಿ ತಂತಮ್ಮ ಪಕ್ಕಕ್ಕೆ 112.5 ಡಿಗ್ರಿಗಳವರೆಗೆ ಮಾತ್ರ ಕಾಣತಕ್ಕವು. ಕೂವೆಗಂಬದ ಬಿಳಿಯ ದೀಪವು ಇವೆರಡರ ವ್ಯಾಪ್ತಿಯನ್ನೂ ಕೂಡಿಸಿ 225 ಡಿಗ್ರಿಗಳಷ್ಟು ಕಾಣುತ್ತದೆ. ಉಳಿದ 135 ಡಿಗ್ರಿಗಳು ಹಿಂಬದಿಯ ಬಿಳಿಯ ದೀಪದ ಪಾಲು. ಹೀಗೆ 360 ಡಿಗ್ರಿಗಳ ವೃತ್ತವು ತೆರಪಿಲ್ಲದಂತೆ ಹಂಚಿಹೋಗಿರುವುದರಿಂದ, ಕಂಡ ದೀಪವು ಯಾವುದೆಂಬುದೇ ನಾವು ಆ ಹಡಗಿನ ಯಾವ ಪಕ್ಕದಲ್ಲಿದ್ದೇವೆಂಬುದನ್ನು ಹೇಳುತ್ತದೆ. ಹಿಂಬದಿಯ ದೀಪವೊಂದೇ ಕಂಡರೆ ನಾವು ಅದರ ಹಿಂದಿದ್ದೇವೆ; ಅದನ್ನು ಸಮೀಪಿಸುತ್ತಿದ್ದರೆ ದಾಟಿಹೋಗುವವರು ನಾವು, ದಾರಿ ಬಿಡುವ ಹೊಣೆಯೂ ನಮ್ಮದೇ.

ಇಲ್ಲಿ ಕಾಲದ ಲೆಕ್ಕವೊಂದನ್ನು ಗಮನಿಸಬೇಕು. 50 ಮೀಟರುಗಳಿಗೆ ಕಡಿಮೆಯಿಲ್ಲದ ಹಡಗಿನ ಕೂವೆದೀಪವು ಕನಿಷ್ಠ 6 ಸಾಗರ ಮೈಲಿ, ಪಾರ್ಶ್ವದೀಪವು ಕನಿಷ್ಠ 3 ಮೈಲಿ ದೂರಕ್ಕೆ ಕಾಣಬೇಕೆಂಬುದು ವಿಧಿ. ಗಂಟೆಗೆ 15 ಸಾಗರ ಮೈಲಿ ವೇಗದ ಎರಡು ಹಡಗುಗಳು ಎದುರುಬದುರಾಗಿ ಬರುತ್ತಿದ್ದರೆ, 3 ಮೈಲಿಗಳ ಅಂತರವು ಆರೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಬಣ್ಣ ಕಾಣುವವರೆಗೂ ಕಾಯುವುದು ಜಾಣತನವಲ್ಲ. ಅಂಥ ಹಡಗಿಗೆ ಬಿಳಿಯ ಕೂವೆದೀಪಗಳು ಎರಡು. ಮುಂದಿನದು ತಗ್ಗಿನಲ್ಲಿ, ಹಿಂದಿನದು ಎತ್ತರದಲ್ಲಿ. ತಗ್ಗಿನ ದೀಪವು ಎತ್ತರದ ದೀಪದ ಎಡಕ್ಕೆ ಕಂಡರೆ ಹಡಗು ನಮ್ಮ ಎಡಗಡೆಗೆ ಸಾಗುತ್ತಿದೆ. ಎಂದರೆ ಅದರ ಎಡಪಾರ್ಶ್ವ ನಮ್ಮತ್ತ ಇದೆ, ಇನ್ನು ಸ್ವಲ್ಪ ಹೊತ್ತಿಗೆ ಕೆಂಪು ದೀಪ ಕಾಣಬೇಕು. ಎರಡೂ ಒಂದೇ ನೇರದಲ್ಲಿ ಮೇಲುಕೆಳಗಾಗಿ ನಿಂತರೆ ಅದು ನಮ್ಮ ಕಡೆಗೇ ಬರುತ್ತಿದೆ. ದಿಕ್ಸೂಚಿಯಲ್ಲಿ ಅದು ಕಾಣುವ ದಿಕ್ಕು ಬದಲಾಗದೆ ಅಂತರ ಮಾತ್ರ ಕುಗ್ಗುತ್ತಿದ್ದರೆ ಡಿಕ್ಕಿಯ ಅಪಾಯವುಂಟೆಂದು ತಿಳಿಯತಕ್ಕದ್ದು.

ಎರಡನೆಯ ಪ್ರಶ್ನೆಗೆ ಉತ್ತರ ಕೊಡುವವು ಸುತ್ತಲೂ ಕಾಣುವ, ಒಂದರ ಕೆಳಗೊಂದು ಇರಿಸಿದ ಬಣ್ಣದ ದೀಪಗಳು. ಎರಡು ಕೆಂಪು ದೀಪಗಳು ಯಂತ್ರವೋ ಚುಕ್ಕಾಣಿಯೋ ಕೆಟ್ಟು ಹಡಗು ಹತೋಟಿ ತಪ್ಪಿದೆಯೆಂದು ಸಾರುತ್ತವೆ. ಕೆಂಪು, ಬಿಳಿ, ಕೆಂಪು ಎಂದರೆ, ಸಮುದ್ರತಳದಲ್ಲಿ ಕೇಬಲ್ ಹಾಸುವುದೇ ಮೊದಲಾದ ಕೆಲಸದಿಂದಾಗಿ ಹಡಗಿನ ಚಲನೆ ನಿರ್ಬಂಧಕ್ಕೊಳಗಾಗಿದೆಯೆಂದರ್ಥ. ಹಸಿರಿನ ಕೆಳಗೆ ಬಿಳಿಯಿದ್ದರೆ ಅದು ಟ್ರಾಲ್ ಬಲೆಯನ್ನೆಳೆಯುವ ದೋಣಿ. ಕೆಂಪಿನ ಕೆಳಗೆ ಬಿಳಿಯಿದ್ದರೆ ಬೇರೆ ಬಗೆಯ ಮೀನುಗಾರಿಕೆ. ಮೂರು ಕೆಂಪು ದೀಪಗಳು, ಆಳವಾಗಿ ಮುಳುಗಿರುವ ಕಾರಣ ನೀರಿನ ಆಳ ಸಾಲದೆ ಪಕ್ಕಕ್ಕೆ ಹೊರಳಲಾರದ ಹಡಗಿನ ಗುರುತು.

ಪರೀಕ್ಷಾರ್ಥಿಯು ಎಡವುವುದು ಈ ಎರಡು ಉತ್ತರಗಳು ಒಂದಕ್ಕೊಂದು ಹೊಂದದಿರುವಲ್ಲಿ. ನಮ್ಮದು ಯಂತ್ರಚಾಲಿತ ಹಡಗೆಂದಿಟ್ಟುಕೊಳ್ಳೋಣ. ಎಡ ಮುಂಭಾಗದಲ್ಲಿ ಮತ್ತೊಂದು ಹಡಗಿನ ಹಸಿರು ಪಾರ್ಶ್ವದೀಪ ಕಾಣುತ್ತಿದೆ, ದಿಕ್ಕು ಬದಲಾಗುತ್ತಿಲ್ಲ. ನಾವು ಅದರ ಬಲಗಡೆಯಲ್ಲಿರುವುದರಿಂದ ದಾರಿ ಬಿಡಬೇಕಾದುದು ಅದೇ ಎಂದು ಮೊದಲನೆಯ ಪ್ರಶ್ನೆಯ ಉತ್ತರ. ಆದರೆ ಅದರ ಮೇಲುಗಡೆ ಕೆಂಪು, ಬಿಳಿ, ಕೆಂಪು ದೀಪಗಳಿದ್ದರೆ ತೀರ್ಪು ತಿರುಗುಮುರುಗಾಗುತ್ತದೆ: ಅದು ಬಿಡಲಾರದು, ನಾವೇ ಬಿಡಬೇಕು. ಎರಡನೆಯ ಉತ್ತರವು ಮೊದಲನೆಯದನ್ನು ಮೀರಿಸುತ್ತದೆ. ಯಂತ್ರದ ಹಡಗು ಹಾಯಿಯ ಹಡಗಿಗೆ, ಹಾಯಿಯದು ಮೀನು ಹಿಡಿಯುತ್ತಿರುವ ಹಡಗಿಗೆ, ಇವೆಲ್ಲವೂ ಹತೋಟಿ ತಪ್ಪಿದ ಮತ್ತು ಚಲನೆ ನಿರ್ಬಂಧಗೊಂಡ ಹಡಗುಗಳಿಗೆ ದಾರಿ ಬಿಡಬೇಕೆಂಬ ಕ್ರಮದ ತಿರುಳು ಇದೇ: ಹೆಚ್ಚು ಶಕ್ತವಾದುದು ಕಡಿಮೆ ಶಕ್ತವಾದುದಕ್ಕೆ ಬಿಡತಕ್ಕದ್ದು. ಹಿಂದಿನಿಂದ ಬಂದು ದಾಟುವ ಹಡಗು ಮಾತ್ರ, ಯಾವ ಬಗೆಯದಾದರೂ, ತಾನೇ ದಾರಿ ಬಿಡಬೇಕು.

ಹಗಲಿನ ಆಕೃತಿಗಳು ಇದೇ ಭಾಷೆಯ ಇನ್ನೊಂದು ಲಿಪಿ. ಗೋಳ, ಶಂಕು, ಸಿಲಿಂಡರು, ಎರಡು ಶಂಕುಗಳ ಬುಡ ಕೂಡಿಸಿದ ವಜ್ರಾಕೃತಿ, ಇವೆಲ್ಲ ಯಾವ ಪಕ್ಕದಿಂದ ನೋಡಿದರೂ ಒಂದೇ ಹೊರರೇಖೆಯನ್ನು ತೋರುವ ಘನಗಳು. ಗೋಳದ ವ್ಯಾಸವು 0.6 ಮೀಟರಿಗೆ ಕಡಿಮೆಯಿರಕೂಡದು. ಕೆಂಪು ದೀಪಕ್ಕೆ ಗೋಳವನ್ನೂ ಬಿಳಿಯದಕ್ಕೆ ವಜ್ರಾಕೃತಿಯನ್ನೂ ಇಟ್ಟು ನೋಡಿದರೆ, ಕೆಂಪು, ಬಿಳಿ, ಕೆಂಪು ಎಂಬುದು ಗೋಳ, ವಜ್ರ, ಗೋಳವಾಗುತ್ತದೆ. ಎರಡು ಕೆಂಪು ಎರಡು ಗೋಳಗಳಾಗುತ್ತವೆ. ಲಂಗರು ಹಾಕಿದ ಹಡಗಿಗೆ ಒಂದು ಗೋಳ. ನೆಲ ಕಚ್ಚಿದ ಹಡಗು ಇರುಳಿನಲ್ಲಿ ಲಂಗರಿನ ದೀಪಗಳ ಜೊತೆಗೆ ಎರಡು ಕೆಂಪು ದೀಪಗಳನ್ನು ತೋರುವುದರಿಂದ, ಹಗಲಿನಲ್ಲಿ ಒಂದಕ್ಕೆ ಎರಡು ಕೂಡಿ ಮೂರು ಗೋಳಗಳು. ಮೂರು ಗೋಳಗಳು ಹೀಗೆ ಮೀಸಲಾದುದರಿಂದ, ಮೂರು ಕೆಂಪು ದೀಪಗಳ ಹಡಗಿಗೆ ಬೇರೆ ಆಕೃತಿ ಬೇಕು, ಅದೇ ಸಿಲಿಂಡರು. ತುದಿಗೆ ತುದಿ ಕೂಡಿಸಿದ ಎರಡು ಶಂಕುಗಳು ಎರಡೂ ಬಗೆಯ ಮೀನುಗಾರಿಕೆಗೆ ಸಮಾನ.

ಈ ಭಾಷೆ ನಮಗೆ ದೂರದ್ದಲ್ಲ. ಪಣಂಬೂರಿನ ನವಮಂಗಳೂರು ಬಂದರಿಗೆ ದೊಡ್ಡ ಹಡಗುಗಳು ಬರುವುದೂ, ಮಂಗಳೂರು, ಮಲ್ಪೆ, ಕಾರವಾರಗಳ ಟ್ರಾಲರ್ ದೋಣಿಗಳು ಬಲೆಯೆಳೆಯುವುದೂ ಒಂದೇ ಕಡಲಿನಲ್ಲಿ. ದೋಣಿಯಲ್ಲಿರುವವರು ಹಸಿರಿನ ಕೆಳಗಿನ ಬಿಳಿಯ ದೀಪವನ್ನು ಹಚ್ಚಿದರೆ ಸಾಲದು. ಬರುತ್ತಿರುವ ಹಡಗಿನಲ್ಲಿ ಅದನ್ನು ಓದಬಲ್ಲವನೊಬ್ಬನು ಎಚ್ಚರದಿಂದಿರಬೇಕು. ಆದುದರಿಂದ ಕಲಿಯುವವನು ಚಿತ್ರವನ್ನು ನೋಡಿ ಹಡಗಿನ ಹೆಸರು ಹೇಳಿ ನಿಲ್ಲಬಾರದು. ಮುಖ ಯಾವ ಕಡೆಗೆ, ಶಕ್ತಿ ಎಷ್ಟು, ನಾನು ಈಗ ಏನು ಮಾಡಬೇಕು ಎಂಬ ಮೂರು ಮಾತುಗಳನ್ನು ಪ್ರತಿಯೊಂದು ಚಿತ್ರಕ್ಕೂ ಕ್ರಮವಾಗಿ ಹೇಳಿಕೊಳ್ಳಬೇಕು. ಮೂರನೆಯ ಮಾತಿಗೆ ಉತ್ತರ ದೊರೆತಾಗಲೇ ಆ ದೀಪಗಳನ್ನು ಓದಿದಂತಾಗುವುದು.